ಅತ್ತೆಯ ವೂಫರಿಗೆ ಒಂದು ಜಾಗ

ನನ್ನ ಸೋದರತ್ತೆ ದಾಕ್ಷಾಯಣಿಯನ್ನು ನೆನೆದರೆ ನನಗೆ ಮೊದಲು ಕಾಣುವುದು ಅವಳ ಬೆನ್ನು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊನ್ನಾಳಿಯ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಗೋಡೆಗುಂಟ ಅಂಬೆಗಾಲಿಡುತ್ತಿರುವ ಬೆನ್ನು. ಅವಳು ದಿನಾ ಕೂರುವ ಬೆತ್ತದ ಕುರ್ಚಿಯ ಮೇಲೆ ಹೊಸ ವೂಫರ್ ಡಬ್ಬ ಮದುಮಗನಂತೆ ಕೂತು ಡೊಳ್ಳು ಗುಡುಗಿಸುತ್ತಿತ್ತು.

ನನ್ನನ್ನು ಅಲ್ಲಿಗೆ ಅಟ್ಟಿದ್ದು ನ್ಯಾಮತಿಯ ದೊಡ್ಡಮಾವ, ಅಂದರೆ ತೀರಿಹೋದ ಮಾವನ ಅಣ್ಣ. "ಚನ್ನಗಿರಿ ಕಾಲೇಜಿಗೆ ಡಿಬೇಟ್ ಕಪ್ ತಂದೋಳು ನೀನು. ನಿಮ್ಮತ್ತೆಗೆ ಒಂದ್ ಚೂರು ಬುದ್ಧಿ ಹೇಳವ್ವಾ. ಗಂಡ ಸತ್ತ ಮನ್ಯಾಗೆ ಯಾರಾದ್ರೂ ಡಿಜೆ ಇಡ್ತಾರಾ?" ಎಂದಿದ್ದರು. ನಾನು ವಾದಕ್ಕೆ ಸಿದ್ಧಳಾಗಿಯೇ ಹೋದೆ. ನೋಡಿದರೆ ಎದುರಾಳಿ ನೆಲದ ಮೇಲಿದ್ದಳು.

"ಏನತ್ತೇ ಇದು?" ಎಂದು ಕೂಗಿದೆ. ಕೂಗಲೇಬೇಕಿತ್ತು. ಅವಳ ಕಿವಿ ಮಂದವಾಗುತ್ತ ಬಂದಿತ್ತು. ಮೊದಲು ಹೋದದ್ದು ಕೊಳಲು, ಆಮೇಲೆ ಹೆಂಗಸರ ದನಿ. ಡೊಳ್ಳು, ತಬಲಾದ ಡಗ್ಗ, ಇಂಥ ತಗ್ಗಿನ ಸದ್ದುಗಳಷ್ಟೇ ಅವಳ ಪಾಲಿಗೆ ಉಳಿದಿದ್ದವು. ಅದಕ್ಕೇ ಅಂಥ ಸದ್ದನ್ನೇ ಎತ್ತಿ ಕೊಡುವ ಈ ಸ್ಪೀಕರ್ ಡಬ್ಬ.

"ಜಾಗ ಹುಡುಕ್ತಿದೀನಿ. ನಾನು ಕೂರೋ ಕಡೆ ಅದನ್ನ ಕೂರ್ಸಿದೀನಿ, ಅದು ಕೂರೋ ಕಡೆ ನಾನು ಓಡಾಡ್ತಿದೀನಿ. ಎಲ್ಲಿ ಚೆಂದಾಗಿ ಕೇಳ್ತೈತೋ ಅಲ್ಲೇ ಅದಕ್ಕೆ ಜಾಗ."

"ಯಾರು ಹೇಳಿದ್ದು?"

"ಫೋನ್‌ನಾಗೆ ನೋಡಿದೆ."

"ಫೋನ್‌ನಾಗೆ ಭೂಮಿ ಚಪ್ಪಟೆ ಅಂತಾನೂ ಹೇಳ್ತಾರೆ."

"ಹಂಗಾರೆ ಬಾ, ನೀನೂ ತೆವಳು. ಆಮೇಲೆ ವಾದ ಮಾಡೀಯಂತೆ."

ತೆವಳಿದೆ. ಮೂಲೆಯಲ್ಲಿ ಸದ್ದೇನೋ ದೊಡ್ಡದೇ, ಆದರೆ ಪೆಟ್ಟುಗಳೆಲ್ಲ ಕಲಸಿಹೋಗಿ ಒಂದೇ ಗುಂಯ್. ಕಿಟಕಿಯ ಕೆಳಗೆ ಡೊಳ್ಳೇ ಮಾಯ. ಎದುರುಗೋಡೆಯ ನಡುವಿನಿಂದ ತುಸು ಪಕ್ಕಕ್ಕೆ ಬಂದಾಗ ಮಾತ್ರ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಎದೆಗೆ ಬಂತು. ತಲೆ ಎತ್ತಿದರೆ ನೇರ ಮೇಲೆ, ಗಂಧದ ಹಾರ ಹಾಕಿಸಿಕೊಂಡ ಮಾವನ ಫೋಟೊ.

ಅಷ್ಟಕ್ಕೇ ಒಪ್ಪುವವಳಲ್ಲ ನಾನು. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ, ಕಣ್ಣಿಗೆ ಟವೆಲ್ ಕಟ್ಟಿ, ಡಬ್ಬವನ್ನು ಅಲ್ಲಿ ಇಲ್ಲಿ ಇಟ್ಟು ನೋಡಿದೆ. ಕಿಟಕಿ ಯಾವುದು, ಬಾಗಿಲು ಯಾವುದು ಎನ್ನುವಲ್ಲಿ ಎಡವಿದಳು. ಫೋಟೊ ಕೆಳಗಿಟ್ಟಾಗ ಮಾತ್ರ ಪ್ರತಿ ಸಲವೂ ತೊಡೆ ತಟ್ಟಿ "ಇದೇ!" ಎಂದಳು. ಪುರಾವೆ ಸಿಕ್ಕ ಮೇಲೆ ಪಕ್ಷ ಬದಲಿಸುವುದಕ್ಕೆ ನನಗೆ ನಾಚಿಕೆಯಿಲ್ಲ. ಬದಲಿಸಿದೆ.

ಮಾವನ ಪುಣ್ಯಸ್ಮರಣೆಗೆ ನ್ಯಾಮತಿಯಿಂದ, ಜಗಳೂರಿನಿಂದ ನೆಂಟರೆಲ್ಲ ಬಂದರು. ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಅತ್ತೆ ಡೊಳ್ಳು ಹಚ್ಚಿದಳು. ಫೋಟೊದ ಗಾಜು ಗರಗರ ಎಂದಿತು, ಹಾರ ತೂಗಾಡಿತು. ದೊಡ್ಡಮಾವ ಎದ್ದು ನಿಂತರು.

"ದಾಕ್ಷಾಯಣೀ, ನನ್ ತಮ್ಮ ಅದುರ್ತಾ ಅವ್ನಲ್ಲವ್ವಾ!"

"ಅದುರ್ತಿಲ್ರೀ ಭಾವನೋರೆ, ತಲೆ ಆಡಿಸ್ತಾ ಅವ್ರೆ. ಬದುಕಿದ್ದಾಗ ನಾನು ಯಾವ ಹಾಡು ಹಚ್ಚಿದ್ರೂ ಒಂದಿನಾನೂ ಆಡಿಸ್ಲಿಲ್ಲ."

ಜಗಳೂರಿನ ಅಜ್ಜಿಯೊಬ್ಬರಿಗೆ ನಗು ತಡೆಯಲಾಗದೆ ಎಲೆ ಅಡಿಕೆ ನೆತ್ತಿಗೇರಿತು.

"ತಮಾಷೆ ಸಾಕು. ಆ ಡಬ್ಬಾನ ಮೂಲೆಗಾದ್ರೂ ಸರ್ಸು."

"ಮೂಲೇಲಿ ಇಟ್ರೆ ಅದು ಬರೇ ಗುಂಯ್ ಅಂತೈತೆ. ನಿಮ್ ತಮ್ಮ ಹೋದ್ಮೇಲೆ ನನ್ನೂ ಮೂಲೇಲಿ ಕೂರ್ಸಾಕೆ ನೋಡಿದ್ರಿ, ಕೂತ್ನಾ? ಬೇಕಾದ್ರೆ ಫೋಟೊ ಸರ್ಸ್ರಿ, ಇನ್ನೂ ಮೂರು ಗೋಡೆ ಅದಾವೆ. ಡಬ್ಬಕ್ಕೆ ಇರೋದು ಅದೊಂದೇ ಜಾಗ."

ದೊಡ್ಡಮಾವ ನನ್ನತ್ತ ತಿರುಗಿದರು. "ನೀನಾದ್ರೂ ಹೇಳವ್ವಾ."

"ಪುರಾವೆ ಅತ್ತೆ ಕಡೆ ಐತೆ ಮಾವಾ. ಅನುಮಾನ ಇದ್ರೆ ನೀವೂ ಒಂದ್ಸಲ ತೆವಳಿ ನೋಡ್ರಿ."

ಪಂಚೆ ಕೊಡವಿಕೊಂಡು ಹೊರಗೆ ಹೋದರು. ಆಮೇಲೆ ನಾನೇ ಒಂದು ರಾಜಿ ಸೂತ್ರ ತಂದೆ: ಫೋಟೊದ ಹಿಂದೆ ರಬ್ಬರ್ ತುಂಡು ಸಿಕ್ಕಿಸಿದರೆ ಗಾಜು ಸುಮ್ಮನಾಗುತ್ತದೆ. ಸಿಕ್ಕಿಸಿಯೂ ಬಿಟ್ಟೆ. ಅತ್ತೆ ಅದನ್ನು ಕಿತ್ತು ನನ್ನ ಕೈಗೇ ಕೊಟ್ಟಳು. "ಬಿಡೇ, ಆಡಿಸ್ಲಿ."

ಕೊನೆಯ ಸಲ ಹೋದಾಗ ಅವಳಿಗೆ ಮಾತು ಕೇಳುವುದು ಪೂರ್ತಿ ನಿಂತುಹೋಗಿತ್ತು, ತುಟಿ ನೋಡಿಯೇ ತಿಳಿದುಕೊಳ್ಳುತ್ತಿದ್ದಳು. ಡೊಳ್ಳು ಮಾತ್ರ ಇನ್ನೂ ಕೇಳುತ್ತಿತ್ತು. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, ಬೆರಳಲ್ಲಿ ತಾಳ ಹಾಕುತ್ತಿದ್ದಳು. ಒಂದು ಪೆಟ್ಟೂ ತಪ್ಪಲಿಲ್ಲ.

"ನಾನು ಹೋದ್ಮೇಲೆ ಇದನ್ನ ಮೂಲೆಗೆ ನೂಕ್ತಾರೆ ನೋಡು," ಎಂದು ಕಣ್ಣು ತೆರೆದಳು.

"ನೂಕ್ಲಿ. ನಾನು ಬರ್ತೀನಿ," ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ನಕ್ಕಳು.

ಅವಳ ಕಾರ್ಯದ ದಿನ ಹೋದಾಗ ಡಬ್ಬ ಮೂಲೆಯಲ್ಲಿತ್ತು. ಮೇಲೊಂದು ಟವೆಲ್, ಅದರ ಮೇಲೆ ನೀರಿನ ಕ್ಯಾನ್. ಗೋಡೆಯಲ್ಲಿ ಮಾವನ ಪಕ್ಕಕ್ಕೆ ಅತ್ತೆಯ ಫೋಟೊ. ನಾನು ಕ್ಯಾನ್ ಇಳಿಸಿದೆ. ಡಬ್ಬವನ್ನೆತ್ತಿ ಬೆತ್ತದ ಕುರ್ಚಿಯ ಮೇಲೆ ಕೂರಿಸಿದೆ. ಡೊಳ್ಳು ಹಚ್ಚಿ, ದುಪಟ್ಟಾ ಸೊಂಟಕ್ಕೆ ಕಟ್ಟಿ, ನೆಂಟರ ನಡುವೆಯೇ ಮಂಡಿಯೂರಿದೆ.

"ಏನವ್ವಾ, ಏನ್ ಕಳ್ಕಂಡೆ?" ಎಂದರು ದೊಡ್ಡಮಾವ.

"ಡಬ್ಬಕ್ಕೆ ಜಾಗ ಹುಡುಕ್ತಿದೀನಿ ಮಾವಾ."

ಜಾಗ ನನಗೆ ಗೊತ್ತೇ ಇತ್ತು. ಆದರೂ ಗೋಡೆಗುಂಟ ಪೂರಾ ತೆವಳಿದೆ, ಎಲ್ಲರೂ ನೋಡಲಿ ಅಂತಲೇ. ಆಮೇಲೆ ಡಬ್ಬವನ್ನು ತಂದು ಅದರ ಜಾಗಕ್ಕಿಟ್ಟೆ. ಮೇಲೆ ಎರಡು ಗಾಜುಗಳೂ ಗರಗರ ಎಂದವು. ದೊಡ್ಡಮಾವ ದಡಬಡಿಸಿ ಬಂದು, ಒಂದು ಅಂಗೈಯನ್ನು ತಮ್ಮನ ಮೇಲೆ, ಇನ್ನೊಂದನ್ನು ಅತ್ತೆಯ ಮೇಲೆ ಒತ್ತಿ ಹಿಡಿದು ನಿಂತರು.

ನಾನು ಸೌಂಡ್ ಇನ್ನಷ್ಟು ಏರಿಸಿದೆ.