ಕೋವಿ ಅಂಗಡಿಯಾಕೆ ಮತ್ತು ಒಂದು ‘ಶೀ’

ಹೋದ ವಾರ ಗ್ಯಾರೇಜು ಖಾಲಿ ಮಾಡುವಾಗ ನಿಮ್ಮಲ್ಲೊಬ್ಬಳು ತಾತನ ತಗಡಿನ ಡಬ್ಬಿಯೊಂದನ್ನು ತೆರೆದಳು. ಒಳಗೆ ಹಳೆಯ ಫ್ಲಾನೆಲ್ ಚಿಂದಿ. ಕಳಿತ ಬಾಳೆಹಣ್ಣಿನ ವಾಸನೆ ಗಪ್ಪೆಂದು ಬಂತು.

“ಅಜ್ಜಿ, ವೈ ಬನಾನಾ?” ಎಂದಳು.

ನಾನು ಸುಮ್ಮನೆ ನಕ್ಕೆ. ಅದು ಬಾಳೆಹಣ್ಣಲ್ಲ ಮಕ್ಕಳೇ, ಕೋವಿಯ ನಳಿಗೆ ತೊಳೆಯುವ ಎಣ್ಣೆ. ಆ ವಾಸನೆಯ ಹಿಂದೆಯೇ ಒಬ್ಬ ಹೆಂಗಸು ಬಂದು ನನ್ನ ಕಣ್ಣೆದುರು ನಿಂತಳು. ಬಾಯಿಬಿಟ್ಟು ಹೇಳಲು ನನಗೆ ಸಂಕೋಚ. ಅದಕ್ಕೇ ಬರೆದಿಡುತ್ತಿದ್ದೇನೆ, ನಿಮ್ಮಮ್ಮ ಓದಿ ಹೇಳಲಿ.

ಎಪ್ಪತ್ತರ ದಶಕದ ಮೊದಲ ವರ್ಷಗಳು, ನಾವು ಅಮೆರಿಕಕ್ಕೆ ಬಂದ ಹೊಸತು. ತಾತನಿಗೆ ಲಿಸ್ಲ್‌ನಲ್ಲಿ ಇಂಜಿನಿಯರ್ ಕೆಲಸ. ಮನೆ ಮಾತ್ರ ಪ್ಲೇನ್‌ಫೀಲ್ಡಿನ ಆಚೆ, ಸೋಯಾ ಹೊಲಗಳ ನಡುವೆ ಬಾಡಿಗೆಗೆ ಹಿಡಿದದ್ದು. ಈಗ ನೀವು ನೋಡುವ ಸಾಲುಮನೆಗಳು ಆಗ ಒಂದೂ ಇರಲಿಲ್ಲ. ಏಳನೇ ಕ್ಲಾಸಿನವರೆಗೆ ಹಳ್ಳಿ ಶಾಲೆಯಲ್ಲಿ ಓದಿದ ನನಗೆ ಮಾತಾಡಲು ಯಾರೂ ಇರಲಿಲ್ಲ. ಹಿತ್ತಿಲಲ್ಲಿ ಅವರೆ, ಮೆಂತ್ಯ, ಕೊತ್ತಂಬರಿ ಹಾಕಿಕೊಂಡು ಅವುಗಳ ಜೊತೆಯೇ ಮಾತಾಡುತ್ತಿದ್ದೆ. ತಾತ ಮೊದಲಿಂದಲೂ ಮೌನಿ. “ಸಾರು ಹೇಗಿದೆ ರೀ?” ಎಂದರೆ “ಹ್ಞೂಂ.” ಅಷ್ಟೇ.

ಆ ಬೇಸಿಗೆ ಗ್ರೌಂಡ್‌ಹಾಗ್ ಬಂತು. ಹೆಗ್ಗಣಕ್ಕೆ ಬೆಕ್ಕಿನ ಗಾತ್ರ ಬಂದ ಹಾಗಿನ ಪ್ರಾಣಿ. ಅವರೆ ಬಳ್ಳಿಯನ್ನೆಲ್ಲ ನೆಲಮಟ್ಟಕ್ಕೆ ತಿಂದು ಹಾಕಿತು. ನಾನು ಅತ್ತುಬಿಟ್ಟೆ. ಹೊಲದ ಯಜಮಾನ ಬಂದು ನೋಡಿ, ಇಂಥ ಪ್ರಾಣಿಗೆಂದೇ ಸಣ್ಣ ಗುಂಡಿನ, ದೂರ ಹೊಡೆಯುವ ಕೋವಿ ಇರುತ್ತದೆ, ಒಂದು ತಗೊಳ್ಳಿ ಎಂದ. ತಾತನ ತಂದೆ ಅರಕಲಗೂಡಿನ ಕಡೆ ಕಾಡುಹಂದಿಯಿಂದ ಪೈರು ಕಾಯಲು ಕೋವಿ ಇಟ್ಟವರು. ತಾತನ ಕಣ್ಣು ಹೊಳೆಯಿತು.

ಅಲ್ಲಿಂದ ಶುರುವಾಯಿತು. ಪ್ರತಿ ಶನಿವಾರ ಜೋಲಿಯೆಟ್ ದಾರಿಯ ಒಂದು ಕೋವಿ ಅಂಗಡಿಗೆ ಹೋಗುವರು. ಮನೆಗೆ ಬಂದರೆ ಅಂಗಿಯಲ್ಲೆಲ್ಲ ಬಾಳೆಹಣ್ಣಿನ ವಾಸನೆ. ಆಮೇಲೆ ಅಡುಗೆಮನೆಯ ಗೋಡೆಯ ಫೋನಿನಲ್ಲಿ ಅಂಗಡಿಗೆ ಮಾತು... ಅರ್ಧ ಗಂಟೆ, ಮುಕ್ಕಾಲು ಗಂಟೆ! ನನ್ನ ಜೊತೆ ಒಂದು ವಾರದಲ್ಲಿ ಆಡದಷ್ಟು ಮಾತು. ಒಂದು ಸಂಜೆ ಚಪಾತಿ ಲಟ್ಟಿಸುತ್ತಾ ಕಿವಿಗೊಟ್ಟೆ.

“ಶೀ ಈಸ್ ಸ್ಲಿಮ್... ಯೆಸ್, ಎವೆರಿಬಡಿ ಸೇಸ್ ಶೀ ಈಸ್ ಹಾರ್ಡ್ ಟು ಫೀಡ್. ಐ ಡೋಂಟ್ ಕೇರ್. ಐ ವಾಂಟ್ ಹರ್.”

ನಮ್ಮ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು: ಗಂಡಸು ‘ಹೀ’, ಹೆಂಗಸು ‘ಶೀ’, ಪ್ರಾಣಿ ವಸ್ತುಗಳೆಲ್ಲ ‘ಇಟ್’. ಯಾರಪ್ಪಾ ಈ ತೆಳ್ಳಗಿನ ‘ಶೀ’? ಊಟ ಹಾಕಿ ಪೂರೈಸಲಾಗದಷ್ಟು ತಿಂದರೂ ಇವರಿಗೆ ಬೇಕಾದವಳು? ಚಪಾತಿ ತವದ ಮೇಲೆ ಕಪ್ಪಾಯಿತು. ಅದನ್ನೇ ಅವರ ತಟ್ಟೆಗೆ ಹಾಕಿದೆ. “ಹ್ಞೂಂ” ಎಂದು ತಿಂದರು.

ಮುಂದಿನ ಶನಿವಾರ ಸೀರೆಯ ಮೇಲೆ ಕೋಟು ಹಾಕಿಕೊಂಡು ಕಾರಿನಲ್ಲಿ ಮೊದಲೇ ಹೋಗಿ ಕೂತೆ.

“ನೀನ್ಯಾಕೇ? ಅಲ್ಲಿ ನಿಂಗೆ ಬೋರಾಗುತ್ತೆ.”

“ಆಗಲಿ ಬಿಡಿ,” ಎಂದೆ.

ಅಂಗಡಿಯಲ್ಲಿ ಕೌಂಟರಿನ ಹಿಂದೆ ಆಕೆ ನಿಂತಿದ್ದಳು. ನನಗಿಂತ ನಾಲ್ಕಾರು ವರ್ಷ ದೊಡ್ಡವಳಿರಬೇಕು. ಪ್ಯಾಂಟು, ಗಂಡಸರ ಅಂಗಿ, ಉಗುರಲ್ಲಿ ಎಣ್ಣೆ. ನನ್ನ ಗಂಡನನ್ನು ಕಂಡು ಗಟ್ಟಿಯಾಗಿ ನಕ್ಕಳು, ಇವರೂ ನಕ್ಕರು. ಅಷ್ಟು ಹಲ್ಲು ಕಾಣುವ ಹಾಗೆ ಇವರು ನಕ್ಕದ್ದನ್ನು ನಾನು ನೋಡಿರಲೇ ಇಲ್ಲ. ಹಸಿರು ಬಟ್ಟೆಯ ಮೇಲೆ ಆಕೆ ಎರಡು ಕೋವಿಗಳನ್ನು ಮಲಗಿಸಿದಳು. ಎರಡಕ್ಕೂ ನಮ್ಮೂರ ಬಾಗಿಲ ಚಿಲಕದಂಥದ್ದೊಂದು, ಎತ್ತಿ ಹಿಂದಕ್ಕೆಳೆದು ಮುಂದೆ ದೂಡುವಂಥದ್ದು. ಎರಡನೆಯದರ ಮೈ ಸವರಿ ಆಕೆ ಹೇಳಿದಳು: “ಈಸಂಟ್ ಶೀ ಎ ಬ್ಯೂಟಿ?”

ಆಗ ಗೊತ್ತಾಯಿತು. ‘ಶೀ’ ಎಂದರೆ ಕೋವಿ! ನಾಚಿಕೆಯಿಂದ ಮುಖ ಬಿಸಿಯಾಯಿತು. ಆದರೆ ಹೊಟ್ಟೆಕಿಚ್ಚು ಆರಲಿಲ್ಲ. ಯಾಕೆಂದರೆ ಆಮೇಲೆ ಅವರಿಬ್ಬರು ಆಡಿದ ಮಾತು ನನಗೆ ಚೆನ್ನಾಗಿಯೇ ಅರ್ಥವಾಯಿತು.

ಮೊದಲನೆಯದು ಟೂ ಟ್ವೆಂಟಿಟೂ, ಗುಂಡಿನ ಅಳತೆಯಿಂದ ಬಂದ ಹೆಸರು. ಅದರ ಗುಂಡು ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಎರಡನೆಯದು ಟೂ ಟ್ವೆಂಟಿಫೈವ್. ಇನ್ನೂ ವೇಗ, ಗಾಳಿಗೂ ಅಷ್ಟು ಜಗ್ಗುವುದಿಲ್ಲ. ಆದರೆ ಕೊಳ್ಳುವವರು ಕಡಿಮೆಯಾದ್ದರಿಂದ ಅದರ ಗುಂಡು ಸುತ್ತಮುತ್ತ ಎಲ್ಲೂ ಸಿಗದು. ಹಾರ್ಡ್ ಟು ಫೀಡ್ ಎಂದರೆ ಅದು. “ಚಿಂತೆ ಬೇಡ,” ಎಂದಳು ಆಕೆ, “ಹಿಂದಿನ ಕೋಣೆಯಲ್ಲಿ ಹಿತ್ತಾಳೆ ಕೊಳವೆಗೆ ನಾನೇ ಕೈಯಾರೆ ಮದ್ದು, ಗುಂಡು ತುಂಬಿಸಿಕೊಡ್ತೀನಿ. ನೀವು ಬರ್ತಾ ಇರಿ, ನಾನು ಇವಳಿಗೆ ಊಟ ಹಾಕ್ತಾ ಇರ್ತೀನಿ.”

ಬರ್ತಾ ಇರಿ! ಅಂದರೆ ತಿಂಗಳಿಗೊಮ್ಮೆ, ಎರಡು ಸಲ, ವರ್ಷಗಟ್ಟಲೆ... ಇವರ ಮಾತೆಲ್ಲ ಈ ಕೌಂಟರಿನ ಮೇಲೆ, ಮನೆಯಲ್ಲಿ ನನಗೆ “ಹ್ಞೂಂ.”

ಇವರು ಎರಡನೆಯದಕ್ಕೆ ಕೈ ಚಾಚಿದರು. ಅಲ್ಲಿಯವರೆಗೆ ಅಮೆರಿಕದವರೊಬ್ಬರ ಮುಂದೆ ನಾನು ಬಾಯಿ ತೆರೆದವಳಲ್ಲ. ಮೊದಲನೆಯದರ ಚಿಲಕದ ಮೇಲೆ ಕೈಯಿಟ್ಟು, “ನೋ. ದಿಸ್ ಒನ್,” ಎಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

“ನಿಂಗೇನು ಗೊತ್ತಾಗುತ್ತೆ ಇದೆಲ್ಲ?” ಎಂದರು ಇವರು, ಕನ್ನಡದಲ್ಲಿ, ಮೆಲ್ಲಗೆ.

ಆಕೆಗೆ ಕನ್ನಡ ಬಾರದು. ಆದರೂ ನನ್ನ ಮುಖವನ್ನು ನೋಡಿದಳು, ಚಿಲಕ ಹಿಡಿದ ನನ್ನ ಕೈಯನ್ನು ನೋಡಿದಳು. ಹೆಂಗಸಲ್ಲವೇ, ಎಲ್ಲ ತಿಳಿಯಿತು. ನಗಲಿಲ್ಲ. ತನಗಿಷ್ಟವಾದ ಕೋವಿಯನ್ನು ಎತ್ತಿ ಹಿಂದಿನ ಗೋಡೆಗೆ ಒರಗಿಸಿಟ್ಟಳು.

“ನಿಮ್ಮ ಹೆಂಡತಿ ಹೇಳೋದೇ ಸರಿ. ನಾಳೆ ನಾನು ಅಂಗಡಿ ಮುಚ್ಚಿದರೆ ಇವಳಿಗೆ ಊಟ ಹಾಕೋರು ಯಾರು?”

ಕಾಗದ ತುಂಬಿದ್ದಾಯಿತು. ಒಂದು ದಿನ ಕಾಯಬೇಕು ಎಂಬ ಕಾನೂನಿತ್ತು. ಮರುದಿನ ಇವರೊಬ್ಬರೇ ಹೋಗಿ ಕೋವಿ ತಂದರು. ಅವತ್ತು ಅಲ್ಲಿ ಏನು ಮಾತಾಯಿತೋ, ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಆಮೇಲೆ ಇವರು ಆ ಅಂಗಡಿಗೆ ಹೋಗಲಿಲ್ಲ. ಹೋಗುವ ಅಗತ್ಯವೇ ಬೀಳಲಿಲ್ಲ. ಗುಂಡಿನ ಪೆಟ್ಟಿಗೆ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ, ಮೊಳೆ, ಪೇಂಟಿನ ಪಕ್ಕದಲ್ಲೇ ಇರುತ್ತಿತ್ತು. ಮುಂದಿನ ಬೇಸಿಗೆ ಒಂದೇ ಏಟಿಗೆ ಗ್ರೌಂಡ್‌ಹಾಗ್ ಬಿತ್ತು. ಇವರೇ ಗುಂಡಿ ತೋಡಿ ಹೂತು, ತಲೆಗೆ ಸ್ನಾನ ಮಾಡಿ ಬಂದರು. ಅವರೆ ಚೆನ್ನಾಗಿ ಕಾಯಿ ಬಿಟ್ಟಿತು. ಸಾರು ಮಾಡಿ, “ಹೇಗಿದೆ ರೀ?” ಎಂದೆ.

“ಹ್ಞೂಂ.”

ಫೋನು ಗೋಡೆಯ ಮೇಲೆ ಸುಮ್ಮನಿತ್ತು. ಆಕೆಯ ಹತ್ತಿರ ಹೋಗುತ್ತಿದ್ದ ಮಾತು ನನ್ನ ಕಡೆ ತಿರುಗುತ್ತದೆ ಎಂದುಕೊಂಡಿದ್ದೆ. ಅದು ಯಾರ ಕಡೆಗೂ ಬರಲಿಲ್ಲ... ಗೆದ್ದವಳು ನಾನೇ, ಆದರೆ ಆ ಹಲ್ಲು ಕಾಣುವ ನಗು ಮತ್ತೆ ನೋಡಲಿಲ್ಲ. ಕೆಲವು ವರ್ಷಗಳ ಮೇಲೆ ಆ ದಾರಿಯಲ್ಲಿ ಹೋದಾಗ ಅಂಗಡಿಯ ಜಾಗದಲ್ಲಿ ಟೈರು ಮಾರುತ್ತಿದ್ದರು. ತಾತ ಕಾರು ನಿಧಾನ ಮಾಡಿದರು, ನಿಲ್ಲಿಸಲಿಲ್ಲ. ನಾನು ಕಿಟಕಿಯಾಚೆ ನೋಡಿದೆ.

ಕೋವಿ ಮಾರಿಯೂ ಬಹಳ ಕಾಲವಾಯಿತು. ತಾತ ಹೋಗಿ ಮುಂದಿನ ತಿಂಗಳಿಗೆ ಎರಡು ವರ್ಷ. ಅವತ್ತು ನೀವೆಲ್ಲ ಹೋದ ಮೇಲೆ ಆ ಡಬ್ಬಿಯ ಚಿಂದಿ ಬಿಡಿಸಿದೆ. ಅಡಿಯಲ್ಲಿ ಒಂದೇ ಒಂದು ಹಿತ್ತಾಳೆ ಕೊಳವೆ ಇತ್ತು, ಗುಂಡಿಲ್ಲದ ಖಾಲಿ ಕೊಳವೆ. ಅದರ ಬುಡದಲ್ಲಿ ಕೊರೆದ ಅಂಕಿಯನ್ನು ಕನ್ನಡಕ ಹಾಕಿಕೊಂಡು ಓದಿದೆ. ಎರಡು, ಎರಡು, ಐದು.

ನಮ್ಮ ಮನೆಗೆ ಎಂದೂ ಬಾರದ ಕೋವಿಯದು. ಮರುದಿನ ಹೋದಾಗ ಆಕೆ ಕೊಟ್ಟಿರಬೇಕು. ಹಿತ್ತಾಳೆ ಸ್ವಲ್ಪವೂ ಕಪ್ಪಾಗಿರಲಿಲ್ಲ. ಬದುಕಿದ್ದಷ್ಟು ಕಾಲವೂ ಇವರು ಅದನ್ನು ಒರೆಸುತ್ತಾ ಬಂದಿರಬೇಕು.

ಸುಳ್ಳು ಹೇಳುವುದಿಲ್ಲ ಮಕ್ಕಳೇ, ಎಸೆಯೋಣವೆಂದು ಎದ್ದೆ. ಆದರೆ ತಾತ ಬಾಯ್ತುಂಬ ಮಾತಾಡುತ್ತಿದ್ದ ಒಂದು ಬೇಸಿಗೆ ಇತ್ತು ಎನ್ನಲು ಇನ್ನು ಬೇರೆ ಗುರುತೇ ಇಲ್ಲ. ಸೆರಗಿನಿಂದ ಒರೆಸಿ ಡಬ್ಬಿಗೇ ಹಾಕಿದೆ. ಆಕೆಯ ಹೆಸರನ್ನು ನಾನು ಕೇಳಲೇ ಇಲ್ಲ. ನನ್ನ ಮಟ್ಟಿಗೆ ಆಕೆ ಇವತ್ತಿಗೂ ‘ಶೀ’.