ಅಳಿಯನೆದುರು ಗಾಡಿ ಓಡಿಸುವುದು

ಈವತ್ತು ಬೆಳಿಗ್ಗೆ ನಮ್ಮ ಬೀದಿಯಲ್ಲಿ ಒಂದು ಹಳೆಯ ಮೊಪೆಡ್ ಹಾದುಹೋಯಿತು. ಹಳೆಯದು ಎಂದು ನನಗೆ ತಿಳಿದದ್ದು ಕಣ್ಣಿಂದಲ್ಲ, ಮೂಗಿನಿಂದ. ಪೆಟ್ರೋಲಿನ ಜೊತೆ ಆಯಿಲನ್ನೂ ಕುಡಿದು ಓಡುತ್ತಿದ್ದ ಗಾಡಿಗಳ ಹೊಗೆಗೆ ಒಂಥರಾ ಸಿಹಿ ಬೆರೆತ ಕಮಟು ವಾಸನೆ ಇರುತ್ತಿತ್ತಲ್ಲ, ನಿಮಗೂ ನೆನಪಿರಬೇಕು. ನಾನು ವರಾಂಡದಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದೆ. ಗಾಡಿ ಎಡಗಡೆಯ ತಿರುವಿನಲ್ಲಿ ಕಾಣಿಸಿಕೊಂಡದ್ದೇ ತಡ, ಅದು ಹೋದ ಹಾಗೆ ನನ್ನ ಸೊಂಟದಿಂದ ಮೇಲಿನ ಭಾಗವಷ್ಟೇ ಎಡದಿಂದ ಬಲಕ್ಕೆ ತಿರುಗಿತು. ಜೊತೆಗೆ ಲೋಟವೂ ತಿರುಗಿತು. ಕಾಫಿ ಪಂಚೆಯ ಮೇಲೆ ಬಿತ್ತು.

ಇದೊಂದು ಕಾಯಿಲೆ. ಕ್ಯಾಮೆರಾ ಹಿಡಿಯುವವರು ಇದಕ್ಕೆ ಪ್ಯಾನಿಂಗ್ ಎನ್ನುತ್ತಾರೆ. ಗೊತ್ತಿಲ್ಲದವರಿಗೆ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಓಡುವ ಗಾಡಿಯನ್ನು ಕಣ್ಣು ಮಿಟುಕಿಸುವುದರೊಳಗೆ ಕ್ಲಿಕ್ ಮಾಡಿದರೆ ಫೋಟೋ ಚೆನ್ನಾಗಿಯೇ ಬರುತ್ತದೆ, ಆದರೆ ಗಾಡಿ ಓಡುತ್ತಿತ್ತೋ ಸ್ಟ್ಯಾಂಡ್ ಹಾಕಿ ನಿಲ್ಲಿಸಿತ್ತೋ ಹೇಳಲಿಕ್ಕಾಗುವುದಿಲ್ಲ. ಅದರ ಬದಲು ಶಟರನ್ನು ಒಂದಿಷ್ಟು ನಿಧಾನಕ್ಕಿಟ್ಟು, ಗಾಡಿ ದೂರದಲ್ಲಿರುವಾಗಲೇ ಅದರ ಮೇಲೆ ಕ್ಯಾಮೆರಾ ಇಟ್ಟು, ಅದು ಬಂದ ಹಾಗೆ ಅದರ ವೇಗಕ್ಕೇ ಸೊಂಟ ತಿರುಗಿಸುತ್ತ, ಎದುರಿಗೆ ಬಂದಾಗ ಕ್ಲಿಕ್ ಮಾಡಿ, ಮಾಡಿದ ಮೇಲೂ ತಿರುಗುತ್ತಲೇ ಇರಬೇಕು. ಆಗ ಗಾಡಿ ಮತ್ತು ಅದರ ಮೇಲಿರುವವರ ಮುಖ ಸ್ಪಷ್ಟವಾಗಿರುತ್ತದೆ. ಹಿಂದಿನ ಮರ, ಗೋಡೆ, ಅಂಗಡಿ ಎಲ್ಲ ಅಡ್ಡಡ್ಡ ಗೀರುಗಳಾಗಿ ಹರಿದುಹೋಗಿರುತ್ತವೆ. ಗಾಡಿ ಓಡುತ್ತಿದೆ ಎಂದು ನೋಡಿದವರಿಗೆ ತಾನಾಗಿಯೇ ಗೊತ್ತಾಗುತ್ತದೆ. ಹೇಳುವುದಕ್ಕೆ ಸುಲಭ.

ಕಚೇರಿಯ ಕುರ್ಚಿಯಲ್ಲಿ ಕೂತು ಕೂತು ನನ್ನ ಸೊಂಟ ಹಿಡಿದುಕೊಂಡು, ಡಾಕ್ಟರು ದಿನಾ ಸ್ವಲ್ಪ ವ್ಯಾಯಾಮ ಮಾಡಿ ಎಂದದ್ದಕ್ಕೆ ನಾನು ಕ್ಯಾಮೆರಾ ಕೊಂಡೆ. ಹೆಂಡತಿ ಇದನ್ನು ಈಗಲೂ ನೆಂಟರ ಮುಂದೆ ಹೇಳಿ ನಗುತ್ತಾಳೆ. ಮೊದಮೊದಲು ಹಾಸನದ ರಿಂಗ್ ರಸ್ತೆಯಲ್ಲಿ ನಿಂತು ಅಭ್ಯಾಸ ಮಾಡಿದೆ. ದೂರದಿಂದ ನನ್ನನ್ನು ಕಂಡ ಹುಡುಗರು, ಇದು ಪೊಲೀಸರ ಹೊಸ ಉಪಾಯವೆಂದು ತಿಳಿದು ಕೈಗೆ ನೇತುಹಾಕಿಕೊಂಡಿದ್ದ ಹೆಲ್ಮೆಟ್ಟನ್ನು ತಲೆಗೆ ಹಾಕಿಕೊಳ್ಳುತ್ತಿದ್ದರು. ಒಬ್ಬಿಬ್ಬರು ಬಂದ ದಾರಿಗೇ ಗಾಡಿ ತಿರುಗಿಸಿದರು. ಅರಕಲಗೂಡಿನಾಚೆ ರಾಮನಾಥಪುರದ ಬಸ್ಸನ್ನು ಕ್ಯಾಮೆರಾದಲ್ಲಿ ಹಿಡಿಯಲು ಹೋದರೆ, ಡ್ರೈವರು ಪಾಪ, ನಾನು ಕೈ ತೋರಿಸಿದೆನೆಂದು ನಿಲ್ಲಿಸಿಯೇಬಿಟ್ಟರು. ಕಂಡಕ್ಟರು ಅತ್ತಿ ಅತ್ತಿ ಎಂದು ಅವಸರ ಮಾಡಿದ್ದಕ್ಕೆ, ಸಂಕೋಚದಿಂದ ಹತ್ತಿ ಟಿಕೆಟ್ ತೆಗೆಸಿ ಮುಂದಿನ ಸ್ಟಾಪಿನಲ್ಲಿ ಇಳಿದೆ. ಶೆಟ್ಟಿಹಳ್ಳಿಯ ಹಿನ್ನೀರಿನಲ್ಲಿ ಹಾರುವ ಕೊಕ್ಕರೆಗೆ ಬೆಳಗಿನಿಂದ ಸೊಂಟ ತಿರುಗಿಸಿ ಕೊನೆಗೆ ಸಿಕ್ಕಿದ್ದು ಬರೀ ನೀರು. ಹೆಂಡತಿ ನೋಡುವಷ್ಟು ನೋಡಿ, ಅಲ್ಲಿಯ ಪಾಳು ಚರ್ಚಿನ ಕಡೆ ಕೈ ತೋರಿಸಿ, ಅದೊಂದೇ ಎಲ್ಲೂ ಓಡಿಹೋಗದೆ ನಿಂತಿದೆ, ಅದನ್ನಾದರೂ ತೆಗೆಯಿರಿ ಎಂದಳು.

ಹೀಗೆ ಗೇಲಿ ಮಾಡುತ್ತಿದ್ದವಳೇ ಒಂದು ಸಂಜೆ ನನ್ನ ಪಕ್ಕ ಬಂದು ಕೂತು, ಅಮ್ಮ ಗಾಡಿ ಓಡಿಸುವ ಫೋಟೋ ಒಂದು ಬೇಕು ಎಂದಳು. ಅವತ್ತು ಅವಳ ಅಮ್ಮನನ್ನು, ಅಂದರೆ ನಮ್ಮ ಅತ್ತೆಯನ್ನು, ಮೊಣಕಾಲು ನೋವಿಗೆ ಹಾಸನದ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದೆವು. ಡಾಕ್ಟರು, ಇನ್ನು ಗಾಡಿ ಮುಟ್ಟಕೂಡದು ಎಂದುಬಿಟ್ಟಿದ್ದರು. ಅತ್ತೆ ಹಬ್ಬದವರೆಗೆ ಗಡುವು ಕೇಳಿ ಪಡೆದಿದ್ದರು. ಹಬ್ಬ ಕಳೆದ ಮೇಲೆ ಮೊಪೆಡ್ ಹೊಳೆನರಸೀಪುರದ ನೆಂಟರ ಮನೆಗೆ ಹೋಗುವುದೆಂದು ತೀರ್ಮಾನವಾಗಿತ್ತು.

"ಅಷ್ಟು ವರ್ಷ ಅಮ್ಮನ ಹಿಂದೆ ಕೂತು ಓಡಾಡಿದೀನಿ ಕಣ್ರೀ. ನಂಗೆ ಕಾಣ್ತಾ ಇದ್ದಿದ್ದು ಬರೀ ಬೆನ್ನು. ಗಾಡಿ ಓಡಿಸುವಾಗ ಅಮ್ಮನ ಮುಖ ಹೆಂಗಿರುತ್ತೆ ಅಂತ ಒಂದ್ ದಿನಾನೂ ನೋಡಿಲ್ಲ" ಎಂದಳು.

ಸುಳ್ಳೇಕೆ, ಆ ಮಾತು ನನ್ನ ಎದೆಗೆ ನಾಟಿತು.

ನಮ್ಮ ಅತ್ತೆಯ ಊರು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ನುಗ್ಗೇಹಳ್ಳಿಯ ಆಚೆ. ಮಗಳು ಕಾಲೇಜಿಗೆ ಸೇರಿದಾಗ ಊರಿಗೆ ಬೆಳಗಿನ ಬಸ್ಸಿರಲಿಲ್ಲ. ನುಗ್ಗೇಹಳ್ಳಿಗೆ ಹೋಗಿ ಪಟ್ಟಣದ ಬಸ್ಸು ಹಿಡಿಯಬೇಕು. ನಮ್ಮ ಮಾವನಿಗೆ ಎರಡು ಚಕ್ರದ ಮೇಲೆ ಈಗಲೂ ನಂಬಿಕೆಯಿಲ್ಲ. ಹಾಗಾಗಿ ಅತ್ತೆ ರಾಗಿ ಕಣದಲ್ಲಿ ಬಿದ್ದು ಎದ್ದು ತಾವೇ ಮೊಪೆಡ್ ಕಲಿತರು. ಊರಿನವರು ಒಂದಷ್ಟು ದಿನ ನಕ್ಕರು. ಆಮೇಲೆ, ನಮ್ಮ ಹುಡುಗಿಯನ್ನೂ ಸ್ವಲ್ಪ ಬಿಟ್ಟುಬಾರವ್ವ ಎಂದರು. ಮಗಳ ಓದು ಮುಗಿದು ಮದುವೆಯಾದ ಮೇಲೂ ಅತ್ತೆ ಗಾಡಿ ಇಳಿಯಲಿಲ್ಲ. ಬೆಳಿಗ್ಗೆ ಡೈರಿಗೆ ಹಾಲು, ಮಧ್ಯಾಹ್ನ ಹಸುವಿಗೆ ಹುಲ್ಲು, ಸಂತೆಯ ದಿನ ಒಂದು ಮೂಟೆ ತೆಂಗಿನಕಾಯಿ, ಅದರ ಹಿಂದೆ ಉಳಿದ ಗೇಣುದ್ದ ಜಾಗದಲ್ಲಿ ನಮ್ಮ ಮಾವ.

ಇಷ್ಟೆಲ್ಲ ಓಡಿಸಿದ ಅತ್ತೆ ನನ್ನೆದುರಿಗೆ ಮಾತ್ರ ಒಂದು ದಿನವೂ ಗಾಡಿ ಓಡಿಸಿರಲಿಲ್ಲ. ಓಡಿಸುವುದಿರಲಿ, ನನ್ನೆದುರಿಗೆ ಅವರು ಕುರ್ಚಿಯ ಮೇಲೆ ಕೂತೂ ಇರಲಿಲ್ಲ. ಅಳಿಯ ಅಂದರೆ ಆ ಕಡೆ ಹಾಗೆ. ನಾನು ಹೋದರೆ ಮನೆಯ ಒಳ್ಳೆಯ ಕುರ್ಚಿ ನಡುಮನೆಗೆ ಬರುತ್ತಿತ್ತು, ನಾನು ಅದರಲ್ಲಿ ಕೂರಬೇಕಿತ್ತು. ಅತ್ತೆ ಸೆರಗು ಹೊದ್ದು ಅಡಿಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತಿದ್ದರು. ಮುದ್ದೆ ಇನ್ನೊಂದು ಬೇಕೋ ಎನ್ನುವುದನ್ನೂ ಮಗಳ ಬಾಯಲ್ಲಿ ಕೇಳಿಸುತ್ತಿದ್ದರು. ನನ್ನ ಉತ್ತರವೂ ಮಗಳ ಮೂಲಕವೇ ಹೋಗುತ್ತಿತ್ತು, ನಾವಿಬ್ಬರೂ ಇರುತ್ತಿದ್ದದ್ದು ಮಾರು ದೂರದಲ್ಲಿ. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದರೂ ಇದು ಬದಲಾಗಿರಲಿಲ್ಲ. ನನಗೂ, ನಿಜ ಹೇಳಬೇಕೆಂದರೆ, ಆ ಕುರ್ಚಿ ಅಭ್ಯಾಸವಾಗಿತ್ತು.

ಹಬ್ಬಕ್ಕೆ ನಾಲ್ಕು ದಿನ ಮೊದಲೇ ರಜೆ ಹಾಕಿ ಊರಿಗೆ ಹೋದೆವು. ಮಾರನೆಯ ಬೆಳಿಗ್ಗೆ ಡೈರಿ ಹೊತ್ತಿಗೆ ನಾನು ಕೆರೆ ಏರಿಯ ಮೇಲೆ ಕ್ಯಾಮೆರಾ ಹಿಡಿದು ನಿಂತೆ. ಅತ್ತೆ ಬಂದರು. ಮುಂದೆ ಹಾಲಿನ ಕ್ಯಾನು, ಗಾಳಿಗೆ ಸೆರಗು, ಒಳ್ಳೆಯ ವೇಗ. ನಾನು ಉಸಿರು ಬಿಗಿಹಿಡಿದು ಸೊಂಟ ತಿರುಗಿಸಲು ಶುರುಮಾಡಿದೆ. ಅಷ್ಟರಲ್ಲಿ ಅವರು ನನ್ನನ್ನು ಕಂಡರು. ತಕ್ಷಣ ಇಂಜಿನ್ ಆಫ್ ಮಾಡಿ, ಕೆಳಗಿಳಿದು, ಸೆರಗು ಸರಿಮಾಡಿಕೊಂಡು, ತುಂಬಿದ ಕ್ಯಾನಿನ ಸಮೇತ ಮೊಪೆಡ್ಡನ್ನು ತಳ್ಳಿಕೊಂಡು ತಲೆ ತಗ್ಗಿಸಿ ನನ್ನ ಮುಂದೆ ನಡೆದುಹೋದರು. ಒಂದು ಕಾಲು ಎಳೆಯುತ್ತಿದ್ದದ್ದು ಕಾಣುತ್ತಿತ್ತು. ನನ್ನನ್ನು ದಾಟಿ ಒಂದಷ್ಟು ದೂರ ಹೋದ ಮೇಲೆ ಮತ್ತೆ ಹತ್ತಿ ಬುರ್ರೆಂದು ಹೊರಟರು. ನೋವಿರುವ ಕಾಲಿನಲ್ಲಿ ಅವರನ್ನು ಗಾಡಿ ತಳ್ಳಿಸಿದ ಪುಣ್ಯ ನನಗೆ ಬಂತು. ಮನೆಯಲ್ಲಿ ಹೆಂಡತಿ ಸಹಸ್ರನಾಮ ಓದಿದಳು.

ಮರುದಿನ ಉಪಾಯ ಮಾಡಿ ಏರಿಯ ಕೆಳಗಿನ ಹೊಂಗೆ ಮರದ ಹಿಂದೆ ಅವಿತುಕೊಂಡೆ. ಹಳ್ಳಿಯಲ್ಲಿ ಮರದ ಹಿಂದೆ ಒಂಟಿ ಗಂಡಸು ನಿಂತಿದ್ದರೆ ಜನ ಏನೆಂದುಕೊಳ್ಳುತ್ತಾರೆ ಎನ್ನುವುದು ನನಗೆ ಹೊಳೆಯಲಿಲ್ಲ. ಎಮ್ಮೆ ಹೊಡೆದುಕೊಂಡು ಬಂದವರೊಬ್ಬರು ನನ್ನನ್ನು ನೋಡಿ, ಮರ್ಯಾದೆಯಿಂದ ಮುಖ ಆ ಕಡೆ ತಿರುಗಿಸಿ, ಎದುರು ಬರುತ್ತಿದ್ದ ಅತ್ತೆಗೆ ಕೂಗಿ ಹೇಳಿದರು: "ಅಕ್ಕಾ, ಸ್ವಲ್ಪ ತಡ್ಕಳಿ. ಅಳಿಯಂದ್ರು ಮರದಿಂದೆ ಕುಂತವ್ರೆ." ಅತ್ತೆ ಅಲ್ಲಿಂದಲೇ ಗಾಡಿ ತಿರುಗಿಸಿಕೊಂಡು ಊರೆಲ್ಲ ಬಳಸಿ ಡೈರಿಗೆ ಹೋದರು. ಅವತ್ತು ಹಾಲು ತಡವಾಗಿ, ಡೈರಿಯವರು ಯಾಕೆಂದು ಕೇಳಿ, ಕಾರಣ ಊರಿಗೆಲ್ಲ ತಿಳಿಯಿತು. ಸಂಜೆಯವರೆಗೆ ನಾನು ಮನೆಯಿಂದ ಹೊರಗೆ ಬರಲಿಲ್ಲ.

ಕೊನೆಗೆ ಹೆಂಡತಿ ನೇರವಾಗಿ ಅಮ್ಮನನ್ನೇ ಕೇಳಿದಳು. ಬಾಗಿಲ ಹಿಂದಿನಿಂದ ಬಂದ ಉತ್ತರ ನನಗೂ ಕೇಳಿಸಿತು.

"ಅಳಿಯಂದ್ರು ದಾರೀಲಿ ನಿಂತಿರುವಾಗ ಗಾಡಿ ಮ್ಯಾಲೆ ಕುಂತ್ಕಂಡು ಅವರ ಮುಖದ್ ಮ್ಯಾಲೇ ಓಗದಾ? ನನ್ ಕೈಲಾಗಕಿಲ್ಲ ಕಣವ್ವ. ಬೇಕಾದ್ರೆ ನಿಲ್ಸಿರೋ ಗಾಡಿ ಮ್ಯಾಲೆ ಕುಂತ್ಕತೀನಿ, ತೆಕ್ಕಳ್ಳಿ."

ಹಾಗೇ ಆಯಿತು. ರೇಷ್ಮೆ ಸೀರೆಯುಟ್ಟು, ಹೂ ಮುಡಿದು, ಸ್ಟ್ಯಾಂಡ್ ಹಾಕಿದ ಮೊಪೆಡ್ ಮೇಲೆ ಅತ್ತೆ ಬಿಗಿಯಾಗಿ ಕೂತರು. ಹಾಲಿನ ಕ್ಯಾನನ್ನು ನಾಚಿಕೆಯೆಂದು ಮರೆಮಾಡಿಸಿದರು. ಫೋಟೋ ಬಹಳ ಸ್ಪಷ್ಟವಾಗಿ ಬಂತು. ಹೆಂಡತಿ ಅದನ್ನು ನೋಡಿ ಕ್ಯಾಮೆರಾ ವಾಪಸು ಕೊಟ್ಟಳು. ಅವಳು ಬೈದಿದ್ದರೆ ವಾಸಿಯಿತ್ತು.

ಹಬ್ಬ ಮುಗಿಯಿತು. ಮೊಪೆಡ್ ಒಯ್ಯಲು ಮಧ್ಯಾಹ್ನ ಜನ ಬರುತ್ತಾರೆಂದು ಸುದ್ದಿ ಬಂತು. ಉಳಿದಿದ್ದು ಆ ಬೆಳಗಿನ ಡೈರಿ ಒಂದೇ. ನಾನು ನನ್ನ ಕುರ್ಚಿಯಲ್ಲಿ ಕೂತು, ಇನ್ನು ಈ ಫೋಟೋ ಆಗುವುದಲ್ಲ ಮಾವ ಎಂದೆ. ಎಲೆಗೆ ಸುಣ್ಣ ಸವರುತ್ತಿದ್ದ ಮಾವ ತಲೆ ಎತ್ತದೆ, "ನೀವು ಮುಂದಿದ್ರೆ ತಾನೆ ಅವ್ಳು ಇಳೀಬೇಕು? ಇಂದ್ಗಡೆ ಕುಂತ್ಕಳಿ. ನಾನು ಇಷ್ಟು ವರ್ಷ ಅಲ್ಲೇ ಕುಂತು ಮರ್ವಾದೆಯಾಗೇ ಇವ್ನಲ್ಲ" ಎಂದರು.

ನಾನು ಹೆಂಡತಿಯ ಮುಖ ನೋಡಿದೆ. ನಾನು ಹಿಂದೆ ಕೂತರೆ ಕ್ಯಾಮೆರಾ ಅವಳೇ ಹಿಡಿಯಬೇಕು. ಅವಳು ಮೊಬೈಲಿನಲ್ಲಿ ತೆಗೆದ ಫೋಟೋಗಳಲ್ಲೂ ಬೆರಳೇ ಹೆಚ್ಚು. ಅಂಗಳದಲ್ಲಿ ನಿಲ್ಲಿಸಿ ಹೇಳಿಕೊಟ್ಟೆ. ಪಾದ ಅಲುಗಿಸಬೇಡ, ಸೊಂಟ ಮಾತ್ರ ತಿರುಗಿಸು, ಅಮ್ಮನ ಮುಖ ಬಿಟ್ಟು ಬೇರೇನೂ ನೋಡಬೇಡ, ಕ್ಲಿಕ್ ಆದಮೇಲೂ ನಿಲ್ಲಿಸಬೇಡ. ಸುಮ್ನಿರಿ ಗೊತ್ತಾಯ್ತು ಎಂದು ಏರಿಯ ಕಡೆ ನಡೆದಳು.

ಆಮೇಲೆ ನಾನು, ಈ ಮನೆಯ ಅಳಿಯನಾದ ಮೇಲೆ ಮೊದಲ ಬಾರಿಗೆ, ಕೊಟ್ಟಿಗೆಯ ಹತ್ತಿರ ಹೋಗಿ ಹಾಲಿನ ಕ್ಯಾನು ಎತ್ತಿಕೊಂಡೆ. ಅತ್ತೆ ಗಾಬರಿಯಾದರು. ನಾನು ಮೊಪೆಡ್ಡಿನ ಹಿಂದೆ, ಮಾವನ ಜಾಗದಲ್ಲಿ, ಕ್ಯಾನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟೆ. ಅತ್ತೆ ಮಾವನನ್ನು ನೋಡಿದರು. ಹೊತ್ತಾಯ್ತದೆ ಓಗು ಎಂದರು ಮಾವ. ಅತ್ತೆ ಒಂದು ಗಳಿಗೆ ನಿಂತರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿದರು.

ಕಿಕ್ ಹೊಡೆದ ಮೇಲೆ ಮುಂದೆ ಕೂತದ್ದು ಬೇರೆಯೇ ಹೆಂಗಸು. ಓಣಿಯ ತಿರುವಿನಲ್ಲಿ ಕೋಳಿಗಳನ್ನು ಬೈದರು. ಟ್ರ್ಯಾಕ್ಟರಿನವನಿಗೆ ಹಾರನ್ ಹೊಡೆದು ಪಕ್ಕಕ್ಕೆ ಸರಿಸಿದರು. ಏರಿ ಹತ್ತುವಾಗ ಗಾಳಿಯಲ್ಲಿ ಕೂಗಿ ಹೇಳಿದರು, ನಡುವೆ ಮಗಳಿಲ್ಲ, ಬಾಗಿಲಿಲ್ಲ, ನೇರ ನನಗೇ: "ಕಾಲು ಮ್ಯಾಕೆತ್ಕಳಪ್ಪ, ಗುಂಡಿ ಬತ್ತದೆ. ಕ್ಯಾನು ಗಟ್ಟಿಯಾಗಿ ಇಡ್ಕೊ."

ಕಾಲು ಎತ್ತಿದೆ. ಗುಂಡಿ ಬಂತು. ಹಾಲು ನನ್ನ ಅಂಗಿಗೆ ತುಳುಕಿತು. ಅತ್ತೆ ಜೋರಾಗಿ ನಕ್ಕರು. ಅವರ ನಗು ನಾನು ಅಷ್ಟು ವರ್ಷದಲ್ಲಿ ಕೇಳಿರಲಿಲ್ಲ, ಮುಖವಂತೂ ಕಾಣುತ್ತಿರಲಿಲ್ಲ. ನನ್ನ ಮುಂದೆ ಇದ್ದದ್ದು, ಹೆಂಡತಿ ಹೇಳಿದ್ದಳಲ್ಲ, ಅದೇ ಬೆನ್ನು.

ದೂರದಲ್ಲಿ ಹೆಂಡತಿ ಕ್ಯಾಮೆರಾ ಹಿಡಿದು ನಿಂತಿದ್ದಳು. ಪಾದ ಅಲುಗಿಸುತ್ತಿದ್ದಾಳೆಂದು ನನಗೆ ಅನುಮಾನ ಬಂತು. ಸುಮ್ಮನಿರಲಾಗದೆ, ಸೊಂಟ, ಸೊಂಟ ಎಂದು ಕೂಗುತ್ತ ತಲೆಯನ್ನೂ ಒಂದು ಕೈಯನ್ನೂ ಆಡಿಸಿದೆ. ಅಷ್ಟರಲ್ಲಿ ಅವಳನ್ನು ದಾಟಿಬಿಟ್ಟಿದ್ದೆವು. ಅತ್ತೆ ಗಾಡಿ ನಿಧಾನ ಕೂಡ ಮಾಡಲಿಲ್ಲ.

ಒಂದೇ ಒಂದು ಫೋಟೋ ಸರಿಯಾಗಿ ಬಂದಿತ್ತು. ಕೆರೆ, ಮರ, ಆಚೆಯ ತೆಂಗಿನ ತೋಟ ಎಲ್ಲ ಹಸಿರು ಗೀರುಗಳು. ನಡುವೆ ಅತ್ತೆಯ ಮುಖ ರೆಪ್ಪೆಯ ಕೂದಲೂ ಕಾಣುವಷ್ಟು ಸ್ಪಷ್ಟ. ಬಾಯಿ ತುಂಬ ನಗು, ಕಣ್ಣು ದಾರಿಯ ಮೇಲೆ. ಹಿಂದೆ ಕೂತವನು ತಲೆ ಆಡಿಸಿದ್ದರಿಂದ ಅವನ ಮುಖ ಕಲಸಿಹೋಗಿ, ಕತ್ತಿನ ಮೇಲೆ ಒಂದು ಕಂದು ಮೋಡ ಕೂತ ಹಾಗಿದೆ. ಹೆಂಡತಿ ಏರಿಯ ಮೇಲೇ ಕೂತುಕೊಂಡು ಅದನ್ನು ನೋಡಿದಳು. ಹತ್ತಿರ ಮಾಡಿ ನೋಡಿದಳು, ದೂರ ಮಾಡಿ ನೋಡಿದಳು. "ಹಿಂಗಿರ್ತಿತ್ತಾ ಅಮ್ಮನ ಮುಖ" ಎಂದು ಅತ್ತಳು. ಮಧ್ಯಾಹ್ನ ಮೊಪೆಡ್ ಹೊಳೆನರಸೀಪುರಕ್ಕೆ ಹೋಯಿತು. ಅತ್ತೆ ಒಳಗೇ ಇದ್ದರು.

ಇದಾಗಿ ಕೆಲವು ವರ್ಷವಾಯಿತು. ಫೋಟೋ ನಮ್ಮ ನಡುಮನೆಯಲ್ಲಿದೆ. ಬಂದವರು ಹಿಂದೆ ಕೂತವರು ಯಾರು ಎಂದು ಕೇಳುತ್ತಲೇ ಇರುತ್ತಾರೆ.

ಈವತ್ತು ಬೆಳಿಗ್ಗೆಯ ಮಾತಿಗೆ ಬರುತ್ತೇನೆ. ಮೊಪೆಡ್ ಹಾದುಹೋಗಿ ಕಾಫಿ ಪಂಚೆಗೆ ಬಿತ್ತು ಎಂದೆನಲ್ಲ, ಆಗ ನಾನು ವರಾಂಡದಲ್ಲಿ ಒಬ್ಬನೇ ಇರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಅತ್ತೆ ಇದ್ದರು. ಮೊಣಕಾಲಿನ ಚಿಕಿತ್ಸೆಗೆಂದು ಒಂದು ತಿಂಗಳಿಂದ ನಮ್ಮಲ್ಲೇ ಇದ್ದಾರೆ. ವಾಸನೆ ಅವರ ಮೂಗಿಗೂ ತಗುಲಿರಬೇಕು, ನಾನು ಬಲಕ್ಕೆ ತಿರುಗುತ್ತ ನೋಡಿದರೆ ಅವರ ತಲೆಯೂ ಎಡದಿಂದ ಬಲಕ್ಕೆ, ಗಾಡಿಯ ವೇಗಕ್ಕೆ ಸರಿಯಾಗಿ ತಿರುಗುತ್ತಿತ್ತು. ಗಾಡಿ ಮರೆಯಾದ ಮೇಲೂ ಒಂದಿಷ್ಟು ತಿರುಗಿತು.

"ಚೈನ್ ಸಡ್ಲ ಆಗದೆ ಕಣಪ್ಪ ಅದ್ಕೆ" ಎಂದರು. ಆಮೇಲೆ ನನ್ನ ಪಂಚೆ ನೋಡಿದರು. "ಗಟ್ಟಿಯಾಗಿ ಇಡ್ಕಳಕ್ಕೆ ಈಗ್ಲೂ ಬರಕಿಲ್ಲ ನಿಂಗೆ" ಎಂದು ನಕ್ಕು, ಕಾಲು ಚಾಚಿ, ಕುರ್ಚಿಗೆ ಇನ್ನಷ್ಟು ಒರಗಿ ಕೂತರು.