ದಿವಾಳಿ ಆದ ಮೇಲೆ

ಮೊನ್ನೆ ಪುಣೆಯ ಬಿಬವೇವಾಡಿಯ ಅಂಗಡಿಯೊಂದರ ಮುಂದೆ ಉಟಣೆಯ ಪೊಟ್ಟಣಗಳನ್ನು ಜೋಡಿಸಿಟ್ಟಿದ್ದರು. ಹಬ್ಬದ ಅಭ್ಯಂಜನಕ್ಕೆ ಮೈಗೆ ಹಚ್ಚುವ ಆ ಪುಡಿಯ ವಾಸನೆ ಎಲ್ಲರಿಗೂ ಹಿತವೇ ಇರಬೇಕು. ನನಗೆ ಸಿಟ್ಟು ಬರುತ್ತದೆ. ಎದುರುಮನೆಯ ಕಾಕು ನೆನಪಾಗುತ್ತಾರೆ.

ಕಾಕು ವಿಜಯಪುರದ ಕಡೆಯವರು. ಮದುವೆಯಾಗಿ ಪುಣೆಗೆ ಬಂದು ಎಷ್ಟೋ ವರ್ಷಗಳಾಗಿದ್ದರೂ ಅವರ ಮರಾಠಿ ಕಾಯಿಪಲ್ಲೆ ಮಾರುಕಟ್ಟೆ ದಾಟಿರಲಿಲ್ಲ. ಅವರ ಯಜಮಾನರು, ನಮ್ಮೆಲ್ಲರ ಕಾಕಾ, ಸರಕಾರಿ ರೈಲಿನ ಚಾಲಕರಾಗಿ ನಿವೃತ್ತರಾದವರು. ಆಮೇಲೆ ಘಟ್ಟದ ಮೇಲೆ ಪ್ರವಾಸಿಗರಿಗಾಗಿ ಖಾಸಗಿ ಕಂಪನಿಯೊಂದು ಓಡಿಸುತ್ತಿದ್ದ ಚಿಕ್ಕ ರೈಲಿಗೆ ಸೇರಿದ್ದರು. ನಾನು ಕಾಲೇಜಿನಲ್ಲಿದ್ದಾಗ ಆ ರೈಲು ಇಳಿಜಾರಿನ ತಿರುವಿನಲ್ಲಿ ಹಳಿ ತಪ್ಪಿ ಉರುಳಿತು. ಕೆಲವು ಪ್ರಯಾಣಿಕರು ಸತ್ತರು. ಕಾಕಾ ಕೂಡ. ಚಾಲಕ ತೂಕಡಿಸಿದ್ದೇ ಕಾರಣ ಎಂದು ಕಂಪನಿ ಮರುದಿನವೇ ಪತ್ರಿಕೆಗಳಿಗೆ ಹೇಳಿತು.

"ಹಾಸಿಗ್ಯಾಗ ನಿದ್ದಿ ಬರಲಾರದ ಮನಷ್ಯಾ ಇಂಜಿನ್ನಿನಾಗ ಮಲಗ್ತಾನೇನವಾ?" ಎಂದು ಕಾಕು ಕೇಳುತ್ತಿದ್ದರು. ಅಳುತ್ತಿರಲಿಲ್ಲ, ಜಗಳಕ್ಕೆ ನಿಂತವರ ದನಿ ಅದು. ಬ್ರೇಕು ಸರಿಯಾಗಿ ಹಿಡಿಯುತ್ತಿಲ್ಲವೆಂದು ಕಾಕಾ ಫೋನಿನಲ್ಲಿ ಮೇಲಿನವರಿಗೆ ಕೂಗಾಡಿದ್ದನ್ನು ಅವರು ಅಡುಗೆಮನೆಯಿಂದ ಎಷ್ಟೋ ಸಲ ಕೇಳಿದ್ದರು. ಕಂಪನಿಯವರು ತನ್ನನ್ನು ಒಮ್ಮೆ ಕೂರಿಸಿ ಇದನ್ನು ಕೇಳಬೇಕು, ತಪ್ಪು ಕಾಕಾರದಲ್ಲ ಎಂದು ಅದೇ ಪತ್ರಿಕೆಗಳಿಗೆ ಹೇಳಬೇಕು. ಅವರಿಗೆ ಬೇಕಿದ್ದುದು ಇಷ್ಟೇ.

ಒಂದು ದಿನ ಒಬ್ಬರೇ ರಿಕ್ಷಾದಲ್ಲಿ ಕಂಪನಿಯ ಆಫೀಸಿಗೆ ಹೋಗಿ ಬಂದರು. "ದಿವಾಳಿ ಆದ ಮ್ಯಾಲ ಬಾ ಅಂದ ಆ ವಾಚ್‌ಮನ್. ಹಬ್ಬಾ ಮುಗೀಲಿ ಬಿಡು," ಎಂದರು. ಆ ವರ್ಷ ಅವರ ಮನೆಗೆ ಹಬ್ಬವಿರಲಿಲ್ಲ. ಇಡೀ ಕಟ್ಟಡ ಉಟಣೆಯಿಂದ ಘಮಘಮಿಸುತ್ತಿದ್ದಾಗ ಅವರು ಸಾಹೇಬರ ಮುಂದೆ ಹೇಳಬೇಕಾದ ಮಾತನ್ನು ಮರಾಠಿಯಲ್ಲಿ ಬಾಯಿಪಾಠ ಮಾಡುತ್ತ ಕೂತಿದ್ದರು. ತಪ್ಪಿದಲ್ಲಿ ನಾನು ತಿದ್ದುತ್ತಿದ್ದೆ…

ಹಬ್ಬ ಮುಗಿದ ಮೇಲೆ ಜೊತೆಗೆ ನಾನೂ ಹೋದೆ. ಆಫೀಸಿನ ಜಾಗದಲ್ಲಿ ವ್ಯಾಯಾಮದ ಯಂತ್ರಗಳನ್ನು ಇಳಿಸುತ್ತಿದ್ದರು. ವಾಚ್‌ಮನ್ ಕಾಕುವನ್ನು ಗುರುತಿಸಿದ.

"ಆಜೀ, ತೇವ್ಹಾಚ ಸಾಂಗಿತಲ ನಾ, ದಿವಾಳ ನಿಘಾಲ ಮ್ಹಣೂನ!" ಎಂದು ರೇಗಿದ.

ಅವತ್ತೇ ಹೇಳಿದ್ದನಂತೆ, ಕಂಪನಿ ದಿವಾಳಿ ಎದ್ದಿದೆ ಎಂದು. ಅಪಘಾತದ ನಂತರ ಟಿಕೆಟ್ ಕೊಳ್ಳುವವರಿಲ್ಲದೆ ಅದು ಮುಳುಗಿತ್ತು. ವ್ಯವಹಾರ ಮುಗಿಸಲು ನೇಮಕವಾದ ಅಧಿಕಾರಿಯೊಬ್ಬರು ಒಳಗೆ ಕೂತು ಬಂದವರ ದೂರು ಕೇಳುತ್ತಿದ್ದಾರೆ, ಹೋಗಿ ಹೇಳು ಎಂದೂ ಅಂದಿದ್ದನಂತೆ. ಕಾಕುವಿಗೆ ತಿಳಿದದ್ದು ಒಂದೇ ಶಬ್ದ. ನಮ್ಮ ಮನೆಗಳಲ್ಲಿ ದೀಪಾವಳಿಗೂ ದಿವಾಳಿ ಎಂದೇ ಹೆಸರು. ಆ ಅಧಿಕಾರಿ ಹಬ್ಬಕ್ಕೆ ಮೊದಲೇ ಕೆಲಸ ಮುಗಿಸಿ ಹೋಗಿದ್ದರು.

ಕಾಕು ನನ್ನ ಜೊತೆ ರಿಕ್ಷಾ ಹತ್ತಿದರು. ಆಮೇಲೆ, "ಮರಾಠಿ ಹೋಗ್ಲಿ, ಕನ್ನಡದಾಗೂ ಅದೇ ಶಬ್ದ ಅದ. ಎಂಥಾ ಶಾಣ್ಯಾಕಿ ನೋಡು ನಾ!" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮುಂದೆ ನಾವು ಹೋದಲ್ಲೆಲ್ಲ ಒಂದೇ ಪ್ರಶ್ನೆ: ಕಂಪನಿಯೇ ಇಲ್ಲ, ದೂರು ಯಾರ ಮೇಲೆ? ಪೊಲೀಸರು ಕೇಳಿದರು, ವಕೀಲರು ಕೇಳಿದರು. ಆರೋಪ ಹೊರಿಸುವಾಗ ಇದ್ದ ಕಂಪನಿ ಅದನ್ನು ಹಿಂತೆಗೆದುಕೊಳ್ಳಲು ಇರಲಿಲ್ಲ. ಪತ್ರಿಕೆಯವರಿಗೆ ಅದು ಹಳೆಯ ಸುದ್ದಿ. ಹೋದ ವರ್ಷ ಕಾಕು ತೀರಿಕೊಂಡರು…

ಆ ರೈಲನ್ನು ಯಾರೋ ಕೊಂಡುಕೊಂಡಿದ್ದಾರೆ. ಬಣ್ಣ ಹೊಸದು, ಹೆಸರೂ ಹೊಸದು. ಕಳೆದ ತಿಂಗಳು ನನ್ನ ಆಫೀಸಿನವರ ಜೊತೆ ನಾನೂ ಅದರಲ್ಲಿ ಹೋಗಬೇಕಾಯಿತು. ತಿರುವು ಬಂದಾಗ ಗೈಡ್ ಮೈಕಿನಲ್ಲಿ, ಹಿಂದೆ ಇದೇ ಜಾಗದಲ್ಲಿ ಡ್ರೈವರ್ ಸಾಹೇಬರಿಗೆ ನಿದ್ದೆ ಬಂದಿತ್ತು ಎಂದು ಹೇಳಿ ಗೊರಕೆ ಹೊಡೆದು ತೋರಿಸಿದ. ಎಲ್ಲರೂ ನಕ್ಕರು.

ಅವರು ಮಲಗಿರಲಿಲ್ಲ ಎಂದೆ, ಮರಾಠಿಯಲ್ಲೇ.

"ತುಮ್ಹಿ ಹೋತಾತ ಕಾ ಮ್ಯಾಡಮ್?" ಎಂದ. ನೀವಿದ್ದಿರಾ ಎಂದು.

ನಾನಿರಲಿಲ್ಲ. ಫೋನಿನ ಮಾತು ಕಿವಿಯಾರೆ ಕೇಳಿದ್ದವರು ಕಾಕು ಒಬ್ಬರೇ. ಗೈಡ್ ಜಲಪಾತದ ಮಾತು ಶುರು ಮಾಡಿದ. ಈಗ ರೈಲು ಆ ತಿರುವಿಗೆ ಬಂದಾಗಲೆಲ್ಲ ಕಾಕಾ ತೂಕಡಿಸುತ್ತಾರೆ. ಹಾಗಲ್ಲ ಎಂದು ಜಗಳಕ್ಕೆ ನಿಲ್ಲಲು ಕಾಕು ಇಲ್ಲ.